‘ತುಮಕೂರು ವ್ಯಾಪಾರ’: 40 ಬಾಕ್ಸ್ ಬೇಕಾ, 32 ಸಾಕಾ?

ಮಂಜು: [ಫೋಟೊ] ಗೆಟ್‌ಟುಗೆದರ್‌ಗೆ ಬೋರ್ಡ್ ರೆಡಿ. ಒಂದು ಎ3 ಹಾಳೇಲಿ ಹಿಡಿಸ್ಲಿ ಅಂತ ಮೊನಾಪಲಿಯ (ಜಾಗ ಕೊಂಡು, ಅಲ್ಲಿ ಬಿದ್ದೋರಿಂದ ಬಾಡಿಗೆ ವಸೂಲಿ ಮಾಡೋ ಆಟ) 40 ಬಾಕ್ಸ್‌ನ 32 ಮಾಡಿದೀನಿ. ಏಳು ಬಣ್ಣ, ಬಣ್ಣಕ್ಕೆರಡು ಜಾಗ. ನಾಳೆ ಪ್ರಿಂಟಿಗೆ.

ಸೌಮ್ಯ: ಕೊಡ್ಬೇಡ ಕಣೋ, ಲೆಕ್ಕ ಎಲ್ಲಾ ಎಕ್ಕುಟ್ಟೋಗಿದೆ. ಎರಡು ದಾಳದ ಸರಾಸರಿ 7. 40 ಬಾಕ್ಸ್ ಸುತ್ತೋಕೆ ಹತ್ತತ್ರ ಆರು ಸಲ ದಾಳ ಹಾಕ್ಬೇಕು, ನಿಂದ್ರಲ್ಲಿ ನಾಲ್ಕೂವರೆ ಸಲ ಸಾಕು. ಒಂದು ಸುತ್ತು ಮುಗಿಸಿದ್ರೆ ಸಿಗೋ ಸಂಬಳ ಮಾತ್ರ ಅದೇ 200. ಜಾಗ 22 ಇದ್ದಿದ್ದು 14 ಆಗಿದೆ. ಬರೋ ದುಡ್ಡು ಜಾಸ್ತಿ, ಬಾಡಿಗೆ ಕಟ್ಟೋ ಬಾಕ್ಸ್ ಕಮ್ಮಿ. ಯಾರೂ ದಿವಾಳಿ ಆಗಲ್ಲ, ಆಟಾನೂ ಮುಗಿಯಲ್ಲ.

ಮಂಜು: ಸಂಬಳ 160 ಮಾಡಿದ್ರಾಯ್ತಪ್ಪ.

ಸೌಮ್ಯ: ಸಂಬಳ ಸರಿಹೋಗುತ್ತೆ, ಜೈಲು ಸರಿಹೋಗಲ್ಲ. ‘ಜೈಲಿಗೆ ಹೋಗಿ’ ಬಾಕ್ಸು, ಕಾರ್ಡು, ಸತತ ಮೂರು ಡಬಲ್ (ಎರಡೂ ದಾಳದಲ್ಲಿ ಒಂದೇ ಸಂಖ್ಯೆ) ಎಲ್ಲಾ ಅಲ್ಲಿಗೇ ತಳ್ಳೋದ್ರಿಂದ ಜನ ಜಾಸ್ತಿ ಹೊರಡೋದು ಜೈಲಿಂದಾನೇ. ಮೂಲ ಬೋರ್ಡಲ್ಲಿ ಅಲ್ಲಿಂದ 6, 8, 9ನೇ ಬಾಕ್ಸು ಕಿತ್ತಳೆ ಸೆಟ್. ದಾಳ ಬೀಳೋ 36 ಬಗೇಲಿ 14 ಬಗೆ ಅಲ್ಲಿಗೇ. ಮನೆಗೆ ಬರೀ 100 ಕೊಟ್ರೆ ಸಾಕು, ಮೂರನೇ ಮನೆಗೆ ಬಾಡಿಗೆ 200ರಿಂದ 550ಕ್ಕೆ ಹಾರುತ್ತೆ. ಆಟ ಗೆಲ್ಲಿಸೋ ಸೆಟ್ಟೇ ಅದು. ನೀನು ಮಂಡಿಪೇಟೆ, ಚಿಕ್ಕಪೇಟೆನ 4, 5ನೇದ್ರಲ್ಲಿ ಕೂರಿಸಿದೀಯ. ಬರೀ 7 ಬಗೆ! ಜೈಲಿಂದ 8 ಎಣಿಸು ನೋಡೋಣ. ‘ಫ್ರೀ ಪಾರ್ಕಿಂಗ್’ ಬದಲು ನೀನಿಟ್ಟಿರೋ ಅಮಾನಿಕೆರೆ ಮೂಲೆ, ಬಾಡಿಗೇನೇ ಇಲ್ಲ.

ಫಯಾಜ್: ಅದಿರ್ಲಿ, ಬಟವಾಡಿನ ಅಗ್ಗದ ಕಂದು ಬಣ್ಣಕ್ಕೆ ಹಾಕಿದೀಯಲ್ಲ, ಯಾವ ಕಾಲದ ರೇಟು ಗುರೂ ಅದು? ಅರಸೀಕೆರೆ ಸ್ಟೇಷನ್ ಬೇರೆ. ಅದು ಹಾಸನ ಜಿಲ್ಲೆ ಕಣಯ್ಯಾ. ತುಮಕೂರು, ಕ್ಯಾತ್ಸಂದ್ರ, ಗುಬ್ಬಿ, ತಿಪಟೂರು ಹಾಕು, ನಾಲ್ಕಾಯ್ತು.

ಸೌಮ್ಯ: ಸೈಟಿನ ರೇಟಿಗೂ ಆಟಕ್ಕೂ ಸಂಬಂಧ ಇಲ್ಲ ಫಯಾಜ್. ಯಾವ ಬಾಕ್ಸಲ್ಲಿದೆ ಅನ್ನೋದೇ ಮುಖ್ಯ.

ಫಯಾಜ್: ಊರಿನ ಹೆಸರು ಹಾಕಿದ್ಮೇಲೆ ಸಂಬಂಧ ಇರ್ಲೇಬೇಕಮ್ಮ. ಇಲ್ಲಾಂದ್ರೆ ಮುಂಬೈ, ದಿಲ್ಲಿ ಇರೋ ಹಳೇ ವ್ಯಾಪಾರನೇ ಆಡ್ಬೋದಲ್ಲ. 40 ಬಾಕ್ಸ್ ಇದ್ರೆ ಇಬ್ರದ್ದೂ ನಡೆಯುತ್ತೆ: ಹೊರಪೇಟೆ ಸೇರಿಸಿ ಮೂರೂ ಪೇಟೆ ಕಿತ್ತಳೆಗೆ. ಕೊನೇ ಕಡುನೀಲಿಗೆ ಬಿ.ಎಚ್. ರಸ್ತೆ, ಎಂ.ಜಿ. ರಸ್ತೆ. ಕರೆಂಟಿಗೆ ಬೆಸ್ಕಾಂ, ನೀರಿಗೆ ಬುಗುಡನಹಳ್ಳಿ ಕೆರೆ.

ಶಿವು: ತೆರಿಗೆ, ದಂಡದ ದುಡ್ಡೆಲ್ಲ ಅಮಾನಿಕೆರೆಗೆ ಹಾಕ್ರೋ. ಅಲ್ಲಿ ಬಿದ್ದೋರು ಬಾಚ್ಕೊಳ್ಲಿ.

ಸೌಮ್ಯ: ಅದು ರೂಲ್ಸಲ್ಲೇ ಇಲ್ಲ ಶಿವು. ಬ್ಯಾಂಕಿಗೆ ಹೋಗ್ಬೇಕಾದ ದುಡ್ಡು ವಾಪಸ್ ಆಟಕ್ಕೇ ಬಂದ್ರೆ, ಸೋಲೋನು ಇನ್ನೊಂದು ಗಂಟೆ ಉಸಿರಾಡ್ತಾನೆ. ರೂಲ್ಸಲ್ಲಿರೋ ಹರಾಜನ್ನ ಮಾತ್ರ ಯಾರೂ ಆಡಲ್ಲ. ಬಿದ್ದ ಜಾಗ ಬೇಡ ಅಂದ್ರೆ ಬ್ಯಾಂಕ್ ಅಲ್ಲೇ ಕೂಗ್ಬೇಕು, ಬೇಡ ಅಂದೋನೂ ಕೂಗ್ಬೋದು. ಹರಾಜು ಇದ್ರೆ ಜಾಗಗಳೆಲ್ಲ ಬೇಗ ಖಾಲಿ ಆಗುತ್ವೆ.

ಮಂಜು: ಎಲ್ಲಾ ಸರಿ, 40 ಬಾಕ್ಸ್ ಎ3ಗೆ ಹಿಡಿಸಲ್ಲ. ಎರಡೂವರೆ ಸೆಂ.ಮೀ. ಕೂಡ ಸಿಗಲ್ಲ. ‘ಕ್ಯಾತ್ಸಂದ್ರ’ದ ಒತ್ತಕ್ಷರ ಕೆಳಗಿನ ಸಾಲಿಗೆ ಮೆತ್ಕೊಳ್ಳುತ್ತೆ.

ಫಯಾಜ್: ಎರಡು ಎ3 ಜೋಡಿಸು. ಅಂಚು ಬಿಟ್ಟು 40.8 ಸೆಂ.ಮೀ. ಚೌಕ ಸಿಗುತ್ತೆ. ಬಾಕ್ಸ್ 3.4, ಮೂಲೆ 5.1. ನಿನ್ನ 32ರ ಬಾಕ್ಸ್‌ಗಿಂತ ದೊಡ್ದು. ಸರಿಯಾಗಿ ಅರ್ಧಕ್ಕೆ ಮಾತ್ರ ಸೀಳ್ಬೇಡ. ಪ್ರತಿ ಸಾಲಿನ ನಡುವಿನ ಬಾಕ್ಸು ಸ್ಟೇಷನ್ನು, ಹೆಸರು ಎರಡು ಹೋಳಾಗುತ್ತೆ. ಒಂದು ಹಾಳೆ 15.3, ಇನ್ನೊಂದು 25.5 ಇಟ್ರೆ ಜೋಡಣೆ ಗೆರೆ ಮೇಲೇ ಕೂರುತ್ತೆ.

ಮಂಜು: ಅದಾಗುತ್ತೆ. ಮನೆಗೆ ಹುಣಸೆ ಬೀಜ, ಹೋಟೆಲಿಗೆ ಅಡಿಕೆ ಇಡೋಣ ಅಂತಿದೀನಿ. ನಮ್ಮೂರಲ್ಲಿ ಅವೆರಡಕ್ಕೂ ಬರ ಇಲ್ಲ.

ಸೌಮ್ಯ: ಬರ ಇರ್ಬೇಕು ಕಣೋ! ಮನೆ 32, ಹೋಟೆಲ್ 12 ಅಷ್ಟೇ. ಕೆಲವರು ನಾಲ್ಕು ಮನೇಲೇ ನಿಂತು ಹೋಟೆಲಿಗೆ ಹೋಗೋದೇ ಇಲ್ಲ, ಬೇರೆಯೋರಿಗೆ ಮನೆ ಸಿಗದೆ ಇರ್ಲಿ ಅಂತ. ಡಬ್ಬಿ ತುಂಬ ಬೀಜ ಸುರಿದ್ರೆ ಆ ಆಟಾನೇ ಹೋಗುತ್ತೆ. 32 ಎಣಿಸಿ ಮಿಕ್ಕಿದ್ದು ಎತ್ತಿಡು.

ಶಿವು: ಹಂಗಾದ್ರೆ ಅಮಾನಿಕೆರೇಲಿ ಬಿದ್ರೆ ಏನೂ ಸಿಗಲ್ವಾ?

ಸೌಮ್ಯ: ಏನೂ ಇಲ್ಲ.

ಫಯಾಜ್: ಮಂಜು, ಅಡಿಕೆ ಹೋಳು ಮಾಡಿಸು, ಇಡಿ ಅಡಿಕೆ ಉರುಳುತ್ತೆ. ಲ್ಯಾಮಿನೇಷನ್ ಮ್ಯಾಟ್ ಹೇಳು. ಗ್ಲಾಸಿ ಹಾಕಿದ್ರೆ ಲೈಟ್ ಬೆಳಕಿಗೆ ಹೆಸರು ಕಾಣಲ್ಲ, ಬೀಜಾನೂ ಜಾರುತ್ತೆ.