ಅನುಭವ ಹಂಚಿಕೆ: ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರದ ಪದಗಳನ್ನು ನೀವು ಹೇಗೆ ದಕ್ಕಿಸಿಕೊಂಡಿರಿ?

ಕೇಳಿದವರು: ಬಿ.ಎಸ್‌ಸಿ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಹತ್ತನೆಯ ತರಗತಿಯ ನಂತರ ಸಮಾಜ ವಿಜ್ಞಾನದ ಪುಸ್ತಕ ಮುಟ್ಟಿರಲಿಲ್ಲ. ಗಣರಾಜ್ಯ, ತುರ್ತು ಪರಿಸ್ಥಿತಿ, ಒಕ್ಕೂಟ ವ್ಯವಸ್ಥೆ, ಹಣದುಬ್ಬರ, ವಿತ್ತೀಯ ಕೊರತೆ ಎಲ್ಲದರ ವ್ಯಾಖ್ಯೆಯನ್ನೂ ಒಪ್ಪಿಸಬಲ್ಲೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಮಾತ್ರ ಏನೂ ಹೊಳೆಯುವುದಿಲ್ಲ. ಈ ಹಾದಿಯಲ್ಲಿ ನಡೆದವರು ಏನು ಮಾಡಿದಿರಿ, ದಯವಿಟ್ಟು ತಿಳಿಸಿ.

ನಿವೃತ್ತ ಪ್ರೌಢಶಾಲಾ ಶಿಕ್ಷಕ: ಪದಗಳ ಪಟ್ಟಿಯನ್ನು ಮೊದಲು ಬದಿಗಿಡಿ. ಒಂದು ದೇಶವನ್ನೂ ಅದರ ಹತ್ತು ಹದಿನೈದು ವರ್ಷಗಳನ್ನೂ ಆರಿಸಿಕೊಂಡು, ಅಲ್ಲಿ ನಡೆದದ್ದನ್ನು ಕ್ರಮವಾಗಿ ಓದಿ. ಪದಗಳು ತಾವಾಗಿಯೇ ಎದುರಾಗುತ್ತವೆ. ನಾನು ಮಕ್ಕಳಿಗೆ ಇದಕ್ಕಾಗಿ 1919ರಿಂದ 1933ರವರೆಗಿನ ಜರ್ಮನಿಯನ್ನು ಆರಿಸಿಕೊಳ್ಳುತ್ತಿದ್ದೆ. ಮೂರೂ ವಿಷಯಗಳು ಅಷ್ಟು ಹತ್ತಿರ ಹತ್ತಿರ ಹೆಣೆದುಕೊಂಡಿರುವ ಕಾಲಘಟ್ಟ ಮತ್ತೊಂದು ಸಿಗುವುದು ಕಷ್ಟ.

ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ, 1919ರ ಜೂನ್ 28ರಂದು ವರ್ಸೇಲ್ಸ್ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. 1921ರಲ್ಲಿ ಗೆದ್ದ ದೇಶಗಳು ಜರ್ಮನಿಯ ಮೇಲೆ 13,200 ಕೋಟಿ ಚಿನ್ನದ ಮಾರ್ಕ್‌ಗಳ ಯುದ್ಧ ಪರಿಹಾರ ಹೊರಿಸಿದವು. ಕಂತು ತಪ್ಪಿತೆಂದು 1923ರ ಜನವರಿಯಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆಗಳು ಕಲ್ಲಿದ್ದಲು, ಉಕ್ಕಿನ ಕಣಜವಾದ ರೂರ್ ಪ್ರದೇಶಕ್ಕೆ ನುಗ್ಗಿದವು. ಅಲ್ಲಿನ ಕಾರ್ಮಿಕರು ಕೆಲಸ ನಿಲ್ಲಿಸಿ ಪ್ರತಿರೋಧ ಒಡ್ಡಿದರು. ಅವರ ಕೂಲಿಯನ್ನು ಸರ್ಕಾರ ನೋಟು ಅಚ್ಚು ಹಾಕಿ ಕೊಟ್ಟಿತು. ಉತ್ಪಾದನೆ ನಿಂತಿದೆ, ನೋಟು ಮಾತ್ರ ಹೆಚ್ಚುತ್ತಿದೆ. ಯುದ್ಧಕ್ಕೆ ಮೊದಲು ಒಂದು ಡಾಲರಿಗೆ ಸುಮಾರು 4.2 ಮಾರ್ಕ್ ಇದ್ದದ್ದು, 1923ರ ನವೆಂಬರಿನಲ್ಲಿ 4.2 ಲಕ್ಷ ಕೋಟಿ ಮಾರ್ಕ್ ಆಯಿತು. ಅತಿ ಹಣದುಬ್ಬರ ಎಂದರೆ ಇದು. ಅದೇ ತಿಂಗಳು ರೆಂಟನ್‌ಮಾರ್ಕ್ ಎಂಬ ಹೊಸ ಹಣ ಬಂದು, ಅಂಥ ಒಂದು ನೋಟಿಗೆ ಹಳೆಯ ಒಂದು ಲಕ್ಷ ಕೋಟಿ ಮಾರ್ಕ್ ಎಂದು ನಿಗದಿಯಾಯಿತು.

ಇಲ್ಲಿ ನಿಂತು ಮಕ್ಕಳನ್ನು ಕೇಳುತ್ತಿದ್ದೆ: ಯಾರಿಗೆ ನಷ್ಟವಾಯಿತು, ಯಾರಿಗೆ ಲಾಭವಾಯಿತು? ಬ್ಯಾಂಕಿನಲ್ಲಿ ಉಳಿತಾಯ ಇಟ್ಟವರು, ನಿಗದಿತ ಪಿಂಚಣಿ ನಂಬಿದವರು, ಸರ್ಕಾರದ ಬಾಂಡ್ ಕೊಂಡವರು ಬರಿಗೈಯಾದರು. ಮೊದಲೇ ಸಾಲ ಮಾಡಿ ಮನೆ, ಜಮೀನು ಕೊಂಡವರ ಋಣ ಪುಡಿಗಾಸಿನಲ್ಲಿ ತೀರಿತು. ಜನರಿಂದ ಯುದ್ಧಸಾಲ ಎತ್ತಿದ್ದ ಸರ್ಕಾರದ ಒಳಸಾಲವೂ ಹೀಗೆಯೇ ಕರಗಿತು. ಈ ಪ್ರಶ್ನೆಗೆ ಉತ್ತರ ಕಂಡುಕೊಂಡ ಮಕ್ಕಳಿಗೆ ಹಣದುಬ್ಬರದ ಬಗ್ಗೆ ಯಾವ ಬಗೆಯ ಪ್ರಶ್ನೆ ಬಂದರೂ ಹೆದರಿಕೆ ಇರಲಿಲ್ಲ.

ಪದವಿ ಕಾಲೇಜಿನ ಇತಿಹಾಸ ಉಪನ್ಯಾಸಕಿ: ಮೇಲಿನ ಕ್ರಮವನ್ನು ನಾನೂ ಒಪ್ಪುತ್ತೇನೆ. ಆದರೆ ಕಥೆಯನ್ನು 1923ಕ್ಕೆ ನಿಲ್ಲಿಸಿದರೆ ಅಪಾಯವಿದೆ. "ಹಣದುಬ್ಬರದಿಂದ ಬೇಸತ್ತ ಜನ ಹಿಟ್ಲರನನ್ನು ಗೆಲ್ಲಿಸಿದರು" ಎಂಬ ವಾಕ್ಯವನ್ನು ಪ್ರತಿವರ್ಷ ಉತ್ತರ ಪತ್ರಿಕೆಗಳಲ್ಲಿ ನೋಡುತ್ತೇನೆ. ವರ್ಷಗಳನ್ನು ಗಮನಿಸಿ. ನೋಟಿನ ಹುಚ್ಚಾಟ ಮುಗಿದು ನಾಲ್ಕೂವರೆ ವರ್ಷಗಳಾದ ಮೇಲೆ, 1928ರ ಚುನಾವಣೆಯಲ್ಲಿ, ನಾಜಿ ಪಕ್ಷಕ್ಕೆ ಸಿಕ್ಕದ್ದು ಶೇ 2.6 ಮತ, 12 ಸ್ಥಾನ. 1932ರ ಜುಲೈನಲ್ಲಿ ಶೇ 37.3 ಮತ, 230 ಸ್ಥಾನ. ನಡುವೆ ಏನಾಯಿತು?

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. 1924ರ ನಂತರ ಜರ್ಮನಿ ಚೇತರಿಸಿಕೊಂಡದ್ದು ಬಹುಮಟ್ಟಿಗೆ ಅಮೆರಿಕದ ಸಾಲದಿಂದ. ಆ ಸಾಲ ಹಿಂದಕ್ಕೆ ಹರಿಯಿತು. ಚಾನ್ಸಲರ್ ಬ್ರೂನಿಂಗ್ ಸಂಬಳ, ಭತ್ಯೆ, ಸರ್ಕಾರಿ ಖರ್ಚು ಎಲ್ಲವನ್ನೂ ಕಡಿತಗೊಳಿಸಿದರು. ಬೆಲೆಗಳು ಇಳಿಯುತ್ತಿದ್ದವು, ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. 1932ರ ಆರಂಭದಲ್ಲಿ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷ ಮುಟ್ಟಿತು. ಇದು ಆರ್ಥಿಕ ಕುಸಿತ, ಇದು ಹಣದಿಳಿತ. 1923ರ ರೋಗಕ್ಕೆ ನೇರ ವಿರುದ್ಧವಾದದ್ದು. ಎರಡರ ನಡುವಿನ ಅಂತರ ಒಮ್ಮೆ ಸ್ಪಷ್ಟವಾದರೆ ಅರ್ಥಶಾಸ್ತ್ರದ ಅರ್ಧ ಪದಗಳು ನಿಮ್ಮವಾಗುತ್ತವೆ.

ಇನ್ನು ರಾಜ್ಯಶಾಸ್ತ್ರಕ್ಕೆ ಬನ್ನಿ. ಆಗಿನ ಜರ್ಮನಿಯ ಸಂವಿಧಾನದ (ವೈಮರ್ ಸಂವಿಧಾನ) 48ನೇ ವಿಧಿ ಅಧ್ಯಕ್ಷರಿಗೆ ತುರ್ತು ಆಜ್ಞೆ ಹೊರಡಿಸುವ ಅಧಿಕಾರ ಕೊಟ್ಟಿತ್ತು. ಸಂಸತ್ತಿನಲ್ಲಿ ಬಹುಮತ ಕೂಡದಾದಾಗ, 1930ರಿಂದ ಆಡಳಿತ ಹೆಚ್ಚು ಹೆಚ್ಚಾಗಿ ಆ ಆಜ್ಞೆಗಳ ಮೇಲೆಯೇ ನಡೆಯಿತು. 1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದನು, ಅಧ್ಯಕ್ಷ ಹಿಂಡೆನ್‌ಬರ್ಗ್ ನೇಮಕದಿಂದ. ಫೆಬ್ರುವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ 48ನೇ ವಿಧಿಯಡಿ ವಾಕ್ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು ಅಮಾನತಾದವು. ಮಾರ್ಚ್ 23ರಂದು ಕಾನೂನು ಮಾಡುವ ಅಧಿಕಾರವನ್ನೇ ಸಚಿವ ಸಂಪುಟಕ್ಕೆ ಒಪ್ಪಿಸುವ ಕಾಯ್ದೆ 444–94 ಮತಗಳಿಂದ ಅಂಗೀಕಾರವಾಯಿತು. ಕಮ್ಯುನಿಸ್ಟ್ ಸದಸ್ಯರು ಸೆರೆಯಲ್ಲಿದ್ದರು ಇಲ್ಲವೇ ತಲೆಮರೆಸಿಕೊಂಡಿದ್ದರು. ವಿರುದ್ಧ ಮತ ಹಾಕಿದ್ದು ಸೋಷಿಯಲ್ ಡೆಮಾಕ್ರಾಟರು ಮಾತ್ರ. ಶಾಸಕಾಂಗ, ಕಾರ್ಯಾಂಗ ಬೇರೆ ಬೇರೆಯಾಗಿರಬೇಕು ಎಂದು ಏಕೆ ಪಟ್ಟು ಹಿಡಿಯುತ್ತೇವೆ ಎನ್ನುವುದನ್ನು ಈ ಎಂಟು ವಾರಗಳಿಗಿಂತ ಚೆನ್ನಾಗಿ ಯಾವ ವ್ಯಾಖ್ಯೆಯೂ ಹೇಳಲಾರದು.

ವಕೀಲಿ ವೃತ್ತಿಯಲ್ಲಿರುವವರು: ಅದೇ ಪದಗಳನ್ನು ಹಿಡಿದು ನಮ್ಮ ಸಂವಿಧಾನಕ್ಕೆ ಬನ್ನಿ. 1975ರ ಜೂನ್ 25ರಂದು 352ನೇ ವಿಧಿಯಡಿ ತುರ್ತು ಪರಿಸ್ಥಿತಿ ಘೋಷಣೆಯಾದದ್ದು "ಆಂತರಿಕ ಕ್ಷೋಭೆ" ಎಂಬ ಕಾರಣಕ್ಕೆ. 1978ರ 44ನೇ ತಿದ್ದುಪಡಿ ಆ ಕಾರಣವನ್ನು ತೆಗೆದು "ಸಶಸ್ತ್ರ ಬಂಡಾಯ" ಎಂದು ಬಿಗಿಗೊಳಿಸಿತು. 20 ಮತ್ತು 21ನೇ ವಿಧಿಗಳ ಹಕ್ಕುಗಳ (ಅಪರಾಧ ನಿರ್ಣಯದಲ್ಲಿ ರಕ್ಷಣೆ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ) ಜಾರಿಯನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡಲಾಗದು ಎಂದಿತು.

ಒಕ್ಕೂಟ ವ್ಯವಸ್ಥೆ ಎಂಬ ಪದಕ್ಕೆ ಕರ್ನಾಟಕದವರು ದೂರ ಹೋಗಬೇಕಿಲ್ಲ. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು 356ನೇ ವಿಧಿಯಡಿ ವಜಾ ಮಾಡಲಾಯಿತು. ಸದನದಲ್ಲಿ ಬಹುಮತ ಸಾಬೀತುಪಡಿಸಲು ಅವರು ಅವಕಾಶ ಕೇಳಿದ್ದರು, ಸಿಗಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯೂ ನ್ಯಾಯಿಕ ಪರಿಶೀಲನೆಗೆ ಒಳಪಟ್ಟದ್ದು ಎಂದಿತು. ಹಾಗೆಯೇ ಸಂವಿಧಾನದ "ಮೂಲ ರಚನೆ"ಯನ್ನು ತಿದ್ದುಪಡಿಯಿಂದಲೂ ಕೆಡಿಸಲಾಗದು ಎಂಬ ತತ್ವ ಹುಟ್ಟಿದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಹೂಡಿದ ಪ್ರಕರಣದಲ್ಲಿ. 1973ರ ಏಪ್ರಿಲ್ 24ರಂದು, ಹದಿಮೂರು ನ್ಯಾಯಮೂರ್ತಿಗಳಲ್ಲಿ ಏಳು–ಆರರ ಅಂತರದಿಂದ. ಪ್ರಕರಣದ ಕಥೆ ಗೊತ್ತಿದ್ದರೆ ತತ್ವವನ್ನು ಬಾಯಿಪಾಠ ಮಾಡುವ ಪ್ರಮೇಯವೇ ಬರುವುದಿಲ್ಲ.

ಬ್ಯಾಂಕ್ ಉದ್ಯೋಗಿ: ಅರ್ಥಶಾಸ್ತ್ರದಲ್ಲಿ ನನಗೆ ನೆರವಾದದ್ದು ಒಂದೇ ಪ್ರಶ್ನೆ: ಈ ನಿರ್ಧಾರ ಯಾರದ್ದು? ತೆರಿಗೆ, ಖರ್ಚು, ಕೊರತೆ ಸರ್ಕಾರದ್ದು. ಅದನ್ನು ಬಜೆಟ್‌ನಲ್ಲಿ ಹುಡುಕಬೇಕು. ರೆಪೊ ದರ, ಅಂದರೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಅಲ್ಪಾವಧಿ ಸಾಲ ಕೊಡುವ ಬಡ್ಡಿದರ, ಆ ಬ್ಯಾಂಕಿನ ಆರು ಸದಸ್ಯರ ಸಮಿತಿಯದ್ದು. ಕನ್ನಡ ಪತ್ರಿಕೆಗಳಲ್ಲಿ ವಿತ್ತೀಯ, ಹಣಕಾಸು ಎಂಬ ಪದಗಳು ಅದಲುಬದಲಾಗಿ ಬರುತ್ತವೆ. ಆದ್ದರಿಂದ ಪದಕ್ಕಿಂತ ನಿರ್ಧರಿಸುವವರನ್ನು ನೋಡುವುದೇ ಸುರಕ್ಷಿತ.

ಪರೀಕ್ಷೆಗಳಲ್ಲಿ ಹೆಚ್ಚು ಜನ ಎಡವುವ ಜಾಗಗಳನ್ನೂ ಹೇಳುತ್ತೇನೆ. ಹಣದುಬ್ಬರ ಶೇ 6ರಿಂದ 4ಕ್ಕೆ ಇಳಿಯಿತು ಎಂದರೆ ಬೆಲೆ ಇಳಿಯಿತು ಎಂದಲ್ಲ. ಏರುವ ವೇಗ ತಗ್ಗಿತು ಎಂದು. ಕೊರತೆ ಎಂದರೆ ಈ ವರ್ಷ ಮಾಡಿದ ಕೈಸಾಲ, ಸಾರ್ವಜನಿಕ ಸಾಲ ಎಂದರೆ ಹಿಂದಿನದೆಲ್ಲ ಕೂಡಿ ನಿಂತ ಬಾಕಿ. ಕೊರತೆ ತಗ್ಗಿದ ವರ್ಷವೂ ಸಾಲ ಬೆಳೆಯಬಹುದು. ಸರ್ಕಾರವೇ ನಿಗದಿತ ದರವನ್ನು ತಗ್ಗಿಸಿದರೆ ಅಪಮೌಲ್ಯ, ಮಾರುಕಟ್ಟೆಯಲ್ಲಿ ತಾನಾಗಿ ಇಳಿದರೆ ಮೌಲ್ಯ ಕುಸಿತ. ಇದಕ್ಕೆ 1991ನ್ನು ಓದಿ. ವಿದೇಶಿ ವಿನಿಮಯ ಎರಡು ಮೂರು ವಾರಗಳ ಆಮದಿಗಷ್ಟೇ ಸಾಲುವಂತಾಗಿತ್ತು. ಜುಲೈ 1 ಮತ್ತು 3ರಂದು ಎರಡು ಹಂತಗಳಲ್ಲಿ ರೂಪಾಯಿಯ ಅಪಮೌಲ್ಯವಾಯಿತು, ಚಿನ್ನ ಅಡವಿಡಬೇಕಾಯಿತು, ಜುಲೈ 24ರಂದು ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದರು. ಪಾವತಿ ಶಿಲ್ಕು, ಉದಾರೀಕರಣ, ಪರವಾನಗಿ ಪದ್ಧತಿ ಎಲ್ಲವೂ ಆ ಒಂದೇ ತಿಂಗಳಲ್ಲಿ ಸಿಗುತ್ತವೆ.

ಹತ್ತನೆಯ ತರಗತಿಯ ವಿದ್ಯಾರ್ಥಿನಿಯ ತಾಯಿ: ನಾವು ಬೆಳಗಾವಿ ಕಡೆಯವರು. ಮಗಳ ಜೊತೆ ಕೂತು ಓದುವಾಗ ಪ್ರತಿ ಪದದ ಪಕ್ಕದಲ್ಲಿ ಇಸವಿ ಬರೆಸುತ್ತೇನೆ. ಕಿತ್ತೂರಿನ ಹೋರಾಟವನ್ನು ಡಾಲ್‌ಹೌಸಿಯ "ದತ್ತು ಮಕ್ಕಳಿಗೆ ಹಕ್ಕಿಲ್ಲ" ನೀತಿಗೆ ಕಟ್ಟಿಬಿಡುವುದು ಎಷ್ಟು ಸಾಮಾನ್ಯವೆಂದರೆ, ದೊಡ್ಡವರೂ ಹಾಗೆಯೇ ಹೇಳುತ್ತಾರೆ. ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕಾಳಗದಲ್ಲಿ ಸತ್ತದ್ದು 1824ರ ಅಕ್ಟೋಬರ್ 23ರಂದು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ದತ್ತು ಪುತ್ರನನ್ನು ಒಪ್ಪದೆ ರಾಜ್ಯ ನುಂಗುವ ಚಾಳಿ ಕಂಪನಿಗೆ ಮೊದಲೇ ಇತ್ತು. ಅವನು ಸತಾರಾ, ಝಾನ್ಸಿ, ನಾಗಪುರಗಳಲ್ಲಿ ಅದನ್ನು ನೀತಿಯಾಗಿ ನಡೆಸಿದ. ಇಸವಿ ಎದುರಿಗಿದ್ದರೆ ನಮ್ಮ ಚೆನ್ನಮ್ಮನ ಹೋರಾಟ ಎಷ್ಟು ಮುಂಚಿನದು ಎನ್ನುವುದು ಮಕ್ಕಳ ಮನಸ್ಸಿಗೆ ನಾಟುತ್ತದೆ.

ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಜರ್ಮನಿಯ ನಂತರ ಯಾವುದನ್ನು ತೆಗೆದುಕೊಳ್ಳಲಿ?

ನಿವೃತ್ತ ಪ್ರೌಢಶಾಲಾ ಶಿಕ್ಷಕ: ಉಪನ್ಯಾಸಕಿಯವರು ಸೇರಿಸಿದ್ದು ಬಹಳ ಮುಖ್ಯ, ಅದನ್ನು ಬರೆದಿಟ್ಟುಕೊಳ್ಳಿ. ಮುಂದಿನದು 1789ರ ಫ್ರಾನ್ಸ್ ಆಗಲಿ, ಆದರೆ ಬ್ಯಾಸ್ಟಿಲ್ ಕೋಟೆಯಿಂದ ಪ್ರಾರಂಭಿಸಬೇಡಿ, ಖಾಲಿ ಖಜಾನೆಯಿಂದ ಪ್ರಾರಂಭಿಸಿ. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಸುರಿದ ಹಣದ ಸಾಲ ತಲೆಯ ಮೇಲಿತ್ತು. ಪಾದ್ರಿಗಳು ಮತ್ತು ಶ್ರೀಮಂತ ವರ್ಗದವರಿಗೆ ಬಹುಪಾಲು ತೆರಿಗೆಗಳಿಂದ ವಿನಾಯಿತಿ ಇತ್ತು. ಹೊಸ ತೆರಿಗೆಗೆ ಒಪ್ಪಿಗೆ ಬೇಕೆಂದು 1614ರ ನಂತರ ಮೊದಲ ಬಾರಿಗೆ ಮೂರು ವರ್ಗಗಳ ಮಹಾಸಭೆಯನ್ನು ಮೇ 5ರಂದು ಸೇರಿಸಿದರು. ವರ್ಗಕ್ಕೊಂದು ಮತವೇ, ತಲೆಗೊಂದು ಮತವೇ ಎಂಬ ಜಗಳ ಎದ್ದಿತು. ಜೂನ್ 17ರಂದು ಮೂರನೆಯ ವರ್ಗ ತನ್ನನ್ನೇ ರಾಷ್ಟ್ರೀಯ ಸಭೆ ಎಂದು ಘೋಷಿಸಿಕೊಂಡಿತು. ಸಾರ್ವಭೌಮತ್ವ, ಪ್ರಾತಿನಿಧ್ಯ, ವಿಶೇಷಾಧಿಕಾರ ಎಂಬ ಮೂರು ಪದಗಳನ್ನು ಆ ಆರು ವಾರಗಳಲ್ಲೇ ಗುರುತಿಸಿ. ಆಮೇಲೆ ಆ ರಾಷ್ಟ್ರೀಯ ಸಭೆ ಚರ್ಚಿನ ಭೂಮಿಯನ್ನು ಆಧಾರವಾಗಿಟ್ಟು ಅಸಿನ್ಯಾ ಎಂಬ ಕಾಗದದ ಹಣ ಹೊರಡಿಸಿತು. ಅದಕ್ಕೆ ಏನಾಯಿತು, ಯಾರಿಗೆ ನಷ್ಟ, ಯಾರಿಗೆ ಲಾಭ ಎನ್ನುವುದನ್ನು ಪುಸ್ತಕ ನೋಡುವ ಮೊದಲು ನೀವೇ ಬರೆದು ನೋಡಿ.