ಕುಡತಿನಿಯ ಬೂದಿದಿಬ್ಬ: ತಜ್ಞರನ್ನು ಕರೆಸಿದರೆ ಏನು ಕೇಳಬೇಕು?

ಪ್ರಶ್ನೆ (ಸಮಾಜ ವಿಜ್ಞಾನ ಶಿಕ್ಷಕಿ, ಬಳ್ಳಾರಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬಳ್ಳಾರಿಯಿಂದ ಹೊಸಪೇಟೆಯ ಕಡೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿ ಇರುವ ಬೂದಿದಿಬ್ಬ ನಮ್ಮ ಮಕ್ಕಳಿಗೆ ಗೊತ್ತಿರುವ ಜಾಗ. ಹಂಪಿಯ ಹತ್ತಿರ ನಿಂಬಾಪುರದಲ್ಲಿರುವ ಇಂಥದೇ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಹಿರಿಯರು ಹೇಳುವುದನ್ನೂ ಅವರು ಕೇಳಿದ್ದಾರೆ. ಇವು ನವಶಿಲಾಯುಗದ ಪಶುಪಾಲಕರು ಸುಟ್ಟ ಸಗಣಿಯ ಬೂದಿ ಎಂದು ನಾನು ಪಾಠ ಮಾಡಿದ ದಿನ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ನಮ್ಮ ಅಜ್ಜ ಒಂದು ಪುಟ್ಟಿ ಗೊಬ್ಬರಾನೂ ಹಾಳಾಗೋಕೆ ಬಿಡಲ್ಲ, ಅವರು ಗುಡ್ಡದಷ್ಟು ಸಗಣಿ ಯಾಕೆ ಸುಟ್ಟರು?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಆಮೇಲೆ ಓದಿ ನೋಡಿದಾಗ ತಜ್ಞರಲ್ಲೇ ಎರಡು ಅಭಿಪ್ರಾಯಗಳಿರುವುದು ತಿಳಿಯಿತು. ಕೇಂಬ್ರಿಜ್‌ನ ರೇಮಂಡ್ ಆಲ್ಚಿನ್ ಅವರು ಇದನ್ನು ಹಬ್ಬದಂತಹ ಆಚರಣೆಯ ಬೆಂಕಿ ಎಂದು ವಿವರಿಸಿದರೆ, ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ದಿನನಿತ್ಯದ ಹಟ್ಟಿಯ ಬದುಕಿನಲ್ಲಿ ಕಾರಣವನ್ನು ಹುಡುಕಿದ್ದಾರೆ. ನಾನು ಒಬ್ಬರಿಂದ ಉಪನ್ಯಾಸ ಕೊಡಿಸುವ ಬದಲು ಬೇರೆ ಬೇರೆ ವಿಷಯ ಬಲ್ಲ ಇಬ್ಬರು ಮೂವರನ್ನು ಮಕ್ಕಳ ಮುಂದೆ ಕೂಡಿಸಿ ಮಾತನಾಡಿಸಬೇಕೆಂದಿದ್ದೇನೆ. ಯಾರನ್ನು ಕರೆಯಬೇಕು, ಯಾರಿಗೆ ಯಾವ ಪ್ರಶ್ನೆ ಹಾಕಬೇಕು? ಮಕ್ಕಳು ಗೊಂದಲದಲ್ಲಿ ಮನೆಗೆ ಹೋಗಬಾರದು ಎಂಬುದೊಂದೇ ನನ್ನ ಆತಂಕ.

ಉತ್ತರ 1 (ಪುರಾತತ್ವ ಓದಿದವರು, ಧಾರವಾಡ)

ಮೇಡಂ, ಆ ಹುಡುಗಿಯ ಪ್ರಶ್ನೆಯೇ ನಿಮ್ಮ ಸಂವಾದದ ನಡುಗಂಬವಾಗಲಿ. ಈ ದಿಬ್ಬಗಳ ಬಗ್ಗೆ ಬರಹಗಳು 19ನೆಯ ಶತಮಾನದ ಮೊದಲರ್ಧದಿಂದಲೇ ಸಿಗುತ್ತವೆ. ಜ್ವಾಲಾಮುಖಿಯ ಬೂದಿ, ಕಬ್ಬಿಣ ಕರಗಿಸಿದ ಕಿಟ್ಟ, ಸಾಮೂಹಿಕ ದಹನದ ಅವಶೇಷ ಎಂದೆಲ್ಲ ಊಹೆಗಳು ಬಂದವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಇದು ದನದ ಸಗಣಿ ಉರಿದು ಆದದ್ದೆಂದು ಗುರುತಿಸಿದರು. ಅದು ಗಟ್ಟಿಯಾಗಿ ನಿಲ್ಲಲು ಮಾತ್ರ 20ನೆಯ ಶತಮಾನದ ನಡುಭಾಗದವರೆಗೆ ಕಾಯಬೇಕಾಯಿತು. ಲಂಡನ್ನಿನ ಫ್ರೆಡರಿಕ್ ಝಾಯ್ನರ್ ಅವರು ಕುಡತಿನಿಯ ಬೂದಿಯನ್ನೇ ಪರೀಕ್ಷಿಸಿದರು. 1957ರಲ್ಲಿ ಆಲ್ಚಿನ್ ಅವರು ಈಗಿನ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ ಉತ್ಖನನ ಮಾಡಿದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೂ, ಬೇಲಿಯ ಕಂಬಗಳನ್ನು ನೆಟ್ಟಿದ್ದ ಕುಳಿಗಳೂ ಕಂಡವು. ಕಟ್ಟಿದ ದೊಡ್ಡಿ ಸುಟ್ಟುಹೋಗಿ, ಅದೇ ಜಾಗದಲ್ಲಿ ಮತ್ತೆ ಕಟ್ಟಿ, ಮತ್ತೆ ಸುಟ್ಟ ಕಥೆ ಅಲ್ಲಿತ್ತು.

ನೀವು ಎರಡು ಅಭಿಪ್ರಾಯಗಳೆಂದು ಬರೆದದ್ದನ್ನು ನಾನು ಸ್ವಲ್ಪ ಬಿಡಿಸಿ ಹೇಳಬಯಸುತ್ತೇನೆ. "ಏನು ಉರಿಯಿತು?" ಎಂಬುದು ಒಂದು ಪ್ರಶ್ನೆ, "ಏಕೆ ಉರಿಸಿದರು?" ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಆಲ್ಚಿನ್ ಅವರಿಗೂ ಪದ್ದಯ್ಯ ಅವರಿಗೂ ಜಗಳವೇ ಇಲ್ಲ. ಇಬ್ಬರಿಗೂ ಅದು ಸಗಣಿ. ಭಿನ್ನಾಭಿಪ್ರಾಯವಿರುವುದು ಎರಡನೆಯದರಲ್ಲಿ. ಪದ್ದಯ್ಯ ಅವರು 1990ರ ದಶಕದಲ್ಲಿ ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದಾಗ ಬೂದಿಯ ಪಕ್ಕದಲ್ಲೇ ಜನವಸತಿಯ ನೆಲ, ಚರ್ಟ್ ಎಂಬ ಗಟ್ಟಿ ಕಲ್ಲಿನ ಅಲಗುಗಳನ್ನು ಮಾಡುತ್ತಿದ್ದ ಜಾಗ, ಪ್ರಾಣಿಗಳನ್ನು ಕೊಯ್ದು ಹಂಚಿದ ನೆಲ, ಮಕ್ಕಳನ್ನು ಮಡಕೆಗಳಲ್ಲಿಟ್ಟು ಹೂಳಿದ ಸಮಾಧಿಗಳು ದೊರೆತವು. ಅಂದರೆ ಬೂದಿದಿಬ್ಬವೆಂದರೆ ಊರಾಚೆಯ ಬರಿಯ ದೊಡ್ಡಿಯಲ್ಲ, ಅದೇ ಊರು. ದಿಬ್ಬವನ್ನು ಮಾತ್ರ ಅಗೆದವರಿಗೆ ಕಾಣದಿದ್ದದ್ದು ದಿಬ್ಬದ ಸುತ್ತಲನ್ನೂ ಅಗೆದಾಗ ಕಂಡಿತು. ಆದ್ದರಿಂದ ನೀವು ಕರೆಯುವ ಪುರಾತತ್ವಜ್ಞರಿಗೆ "ನಿಮ್ಮ ಅಭಿಪ್ರಾಯವೇನು?" ಎಂದು ಕೇಳುವುದಕ್ಕಿಂತ "ನೀವು ಎಲ್ಲಿ ಅಗೆದಿರಿ, ಎಲ್ಲಿ ಅಗೆಯಲಿಲ್ಲ?" ಎಂದು ಮಕ್ಕಳಿಂದ ಕೇಳಿಸಿ.

ಉತ್ತರ 2 (ರಸಾಯನಶಾಸ್ತ್ರ ಅಧ್ಯಾಪಕ, ನಿವೃತ್ತ)

ಸಂವಾದಕ್ಕೆ ರಸಾಯನಶಾಸ್ತ್ರದವರೊಬ್ಬರು ಬೇಕೇ ಬೇಕು. ಕುಡತಿನಿಯಂತಹ ದಿಬ್ಬಗಳಲ್ಲಿ ಮೆತ್ತನೆಯ ಬೂದಿಯ ಜೊತೆಗೆ ಗಾಜಿನಂತೆ ಕರಗಿ ಗಟ್ಟಿಯಾದ, ತೂತುತೂತಾದ ಕಿಟ್ಟದ ಉಂಡೆಗಳಿವೆ. ಜ್ವಾಲಾಮುಖಿ, ಕುಲುಮೆ ಎಂಬ ಊಹೆಗಳಿಗೆ ಅವೇ ಕಾರಣ. ಬರಿಯ ಸಿಲಿಕಾ ಕರಗಬೇಕಾದರೆ ಸುಮಾರು 1700 ಡಿಗ್ರಿ ಸೆಲ್ಸಿಯಸ್ ಬೇಕು, ಸಗಣಿಯ ಬೆಂಕಿಗೆ ಅದು ಸಾಧ್ಯವಿಲ್ಲ. ಆದರೆ ಹುಲ್ಲು ಮಣ್ಣಿನಿಂದ ಹೀರಿದ ಸಿಲಿಕಾವನ್ನು ತನ್ನ ಜೀವಕೋಶಗಳಲ್ಲಿ ಸೂಕ್ಷ್ಮ ಹರಳುಗಳಂತೆ ಕಟ್ಟಿಕೊಳ್ಳುತ್ತದೆ, ದನ ಅದನ್ನು ಮೇಯುತ್ತದೆ, ಹರಳು ಜೀರ್ಣವಾಗದೆ ಸಗಣಿಯಲ್ಲಿ ಉಳಿಯುತ್ತದೆ. ಅದೇ ಸಗಣಿಯಲ್ಲಿ ಪೊಟ್ಯಾಸಿಯಂನಂತಹ ಕ್ಷಾರಗಳೂ ಇರುವುದರಿಂದ ಸಿಲಿಕಾ ಎಷ್ಟೋ ಕಡಿಮೆ ಶಾಖದಲ್ಲಿ ಕರಗುತ್ತದೆ. ಗಾಜು ಮಾಡುವವರು ಮರಳಿಗೆ ಸೋಡಾ ಬೆರೆಸುವುದೂ ಇದಕ್ಕಾಗಿಯೇ. ಈ ಹರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಒಲೆಯಲ್ಲಿ ಸುಟ್ಟ ಕುಳ್ಳಿನ ಬೂದಿಯನ್ನು ಮಕ್ಕಳೇ ತಂದರೆ ಸಾಕು, ದಿಬ್ಬದಿಂದ ದಯವಿಟ್ಟು ಒಂದು ಚಿಟಿಕೆಯನ್ನೂ ತೆಗೆಯಬೇಡಿ.

ರಸಾಯನಶಾಸ್ತ್ರದವರಿಗೆ ಹಾಕಬೇಕಾದ ಪ್ರಶ್ನೆ ಇದು: ಒಂದೇ ದಿಬ್ಬದಲ್ಲಿ ಒಂದು ಪದರ ಮೆತ್ತಗೆ, ಇನ್ನೊಂದು ಪದರ ಗಾಜು ಏಕೆ? ನಿಧಾನವಾಗಿ ಹೊಗೆಯಾಡಿದ ಬೆಂಕಿಗೂ, ಗಾಳಿ ಸಿಕ್ಕಿ ಭುಗಿಲೆದ್ದ ಬೆಂಕಿಗೂ ಇರುವ ವ್ಯತ್ಯಾಸ ಅಲ್ಲಿ ದಾಖಲಾಗಿದೆ. ಬೆಂಕಿ ಎಷ್ಟು ಬಿಸಿಯಾಗಿತ್ತೆಂದು ನಾವು ಹೇಳಬಲ್ಲೆವು. ಅದನ್ನು ಹಚ್ಚಿದವರ ಮನಸ್ಸಿನಲ್ಲಿ ಏನಿತ್ತೆಂಬುದು ನಮ್ಮ ಉಪಕರಣಗಳಿಗೆ ಸಿಗುವುದಿಲ್ಲ. ಇದನ್ನು ಅವರ ಬಾಯಿಂದಲೇ ಮಕ್ಕಳು ಕೇಳಲಿ.

ಉತ್ತರ 3 (ರೈತ, ಮಂಡ್ಯ ಕಡೆ)

ಟೀಚರಮ್ಮನವರೇ, ಮೂರನೆಯ ಕುರ್ಚಿಯನ್ನು ದನ ಕಟ್ಟಿ ಬದುಕಿದವರಿಗೆ ಕೊಡಿ ಎಂಬುದು ನನ್ನ ಕೋರಿಕೆ. ನಮ್ಮ ಕಡೆ ಸಂಕ್ರಾಂತಿಯ ಸಂಜೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹುಲ್ಲಿನ ಬೆಂಕಿ ಹಾಕಿ ಕಿಚ್ಚು ಹಾಯಿಸುತ್ತೇವೆ. ಮೈಯಲ್ಲಿರುವ ಉಣ್ಣೆ ಹುಳ ಉದುರಲಿ ಎಂದು ನಮ್ಮ ತಂದೆ ಹೇಳುತ್ತಿದ್ದರು, ದನಕ್ಕೆ ತಗುಲಿದ ದೃಷ್ಟಿ ಕಳೆಯಲಿ ಎಂದು ತಾಯಿ ಹೇಳುತ್ತಿದ್ದರು. ಒಂದೇ ಬೆಂಕಿ, ಒಂದೇ ಮನೆ, ಎರಡು ಕಾರಣ. ಇಬ್ಬರೂ ತಮ್ಮ ಮಾತನ್ನು ನಂಬಿದ್ದರು. ಹಬ್ಬವೋ ಹಟ್ಟಿಯ ಕೆಲಸವೋ ಎಂದು ತಜ್ಞರು ಬಿಡಿಸಿ ಕೇಳುವಾಗ ನನಗೆ ಈ ನೆನಪು ಬರುತ್ತದೆ.

ಆ ಹುಡುಗಿಯ ಅಜ್ಜನ ಮಾತಿಗೂ ಒಂದು ಉತ್ತರ ತೋಚುತ್ತದೆ. ಹೊಲಕ್ಕೆ ಹಾಕುವವನಿಗೆ ಮಾತ್ರ ತಿಪ್ಪೆ ಸಂಪತ್ತು. ಹೊಲ ಚಿಕ್ಕದಾಗಿ ಮಂದೆ ದೊಡ್ಡದಾಗಿದ್ದವರಿಗೆ ಮಳೆಗಾಲದಲ್ಲಿ ದೊಡ್ಡಿಯ ಸಗಣಿ ಕೆಸರು, ನೊಣ, ಕಾಲುಬಾಯಿ ರೋಗದ ಭಯ. ಅದನ್ನು ಒಂದು ಕಡೆ ಒಟ್ಟಿ ಒಣಗಿಸಿ ಸುಡುವುದು ದನ ಕಟ್ಟಿದವನಿಗೆ ವಿಚಿತ್ರವಾಗಿ ಕಾಣುವುದಿಲ್ಲ.

ಉತ್ತರ 4 (ಉತ್ತರ 1 ಬರೆದವರು)

ಮಂಡ್ಯದ ಹಿರಿಯರ ಮಾತು ಬಹಳ ಬೆಲೆಯುಳ್ಳದ್ದು. ಆಲ್ಚಿನ್ ಅವರೂ ದನಗಳನ್ನು ಬೆಂಕಿ ದಾಟಿಸುವ ಇಂದಿನ ಹಬ್ಬಗಳನ್ನು ನೋಡಿಯೇ ತಮ್ಮ ವಿವರಣೆಯನ್ನು ಕಟ್ಟಿದ್ದರು. ಆದರೆ ನಾಲ್ಕು ಸಾವಿರ ವರ್ಷಗಳ ಅಂತರದ ಎರಡು ಬೆಂಕಿಗಳನ್ನು ಒಂದೇ ದಾರದಲ್ಲಿ ಪೋಣಿಸಲು ಹೋಲಿಕೆಯೊಂದೇ ಸಾಲದು. ಹೀಗೂ ಇರಬಹುದೆಂದು ಅದು ತೋರಿಸುತ್ತದೆ, ಹೀಗೇ ಇತ್ತೆಂದು ಸಾಧಿಸುವುದಿಲ್ಲ. ಹೊಲದ ವಿಷಯಕ್ಕೆ ಒಂದು ಮಾತು ಸೇರಿಸಬೇಕು. ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮೊದಲಾದ ಪುರಾತತ್ವಜ್ಞರು ಬಳ್ಳಾರಿಯ ಪಕ್ಕದ ಸಂಗನಕಲ್ಲು ಮತ್ತಿತರ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಸುಟ್ಟ ಕಾಳುಗಳನ್ನು ಹೆಕ್ಕಿದಾಗ ಹುರುಳಿ, ಹೆಸರು ಕಾಳುಗಳೂ ಕೊರಲೆಯಂತಹ ಕಿರುಧಾನ್ಯಗಳೂ ಸಿಕ್ಕಿವೆ. ಆದ್ದರಿಂದ ಬೇಸಾಯವೇ ಇರಲಿಲ್ಲ ಎನ್ನುವಂತಿಲ್ಲ. ಹೊಲವಿದ್ದೂ ಸಗಣಿಯನ್ನು ಸುಟ್ಟರೆಂದರೆ ಹುಡುಗಿಯ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಮೂವರನ್ನು ಕರೆಯುವುದೆಂದು ತೀರ್ಮಾನಿಸಿದ್ದೇನೆ: ಅಗೆದು ನೋಡಿದವರು, ಬೂದಿಯ ರಸಾಯನ ಬಲ್ಲವರು, ಮತ್ತು ನಮ್ಮ ಊರಿನಲ್ಲೇ ಐವತ್ತು ವರ್ಷ ದನ ಕಾದ ಹಿರಿಯರು. ಅದಕ್ಕೆ ಮೊದಲು ಮಕ್ಕಳನ್ನು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೂ, ಅಲ್ಲಿಂದ ಕುಡತಿನಿಗೂ ಕರೆದೊಯ್ಯುತ್ತೇನೆ. ಗೊಂದಲದ ಬಗ್ಗೆ ನನಗಿದ್ದ ಆತಂಕ ಈಗ ಕಡಿಮೆಯಾಗಿದೆ. "ಏನು ಉರಿಯಿತು", "ಏಕೆ ಉರಿಸಿದರು" ಎಂಬ ಎರಡು ಸಾಲುಗಳನ್ನು ಕಪ್ಪುಹಲಗೆಯ ಮೇಲೆ ಬೇರೆ ಬೇರೆ ಬರೆದಿಟ್ಟು, ಯಾರ ಮಾತು ಯಾವ ಸಾಲಿನ ಕೆಳಗೆ ಬರುತ್ತದೆಂದು ಮಕ್ಕಳಿಂದಲೇ ಬರೆಸುತ್ತೇನೆ. ಆ ಹುಡುಗಿಯ ಅಜ್ಜನನ್ನೂ ಕರೆದಿದ್ದೇನೆ. ಗೊಬ್ಬರದ ಲೆಕ್ಕ ಹೇಳಲು ಬರುತ್ತೇನೆಂದು ಒಪ್ಪಿದ್ದಾರೆ.