ಬೀದಿಯ ಹುಡುಗರು ದಾರಿ ತಪ್ಪುವ ಮೊದಲು ನಾವೇನು ಮಾಡಬಹುದು? ದಾವಣಗೆರೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ಈ ವಾರ ಉತ್ತರ ಕೊಡುವವರು ನಮ್ಮ ದಾವಣಗೆರೆಯಲ್ಲೇ ಹದಿಹರೆಯದ ಮಕ್ಕಳು ಮತ್ತು ಅವರ ಮನೆಯವರ ಜೊತೆ ಕೆಲಸ ಮಾಡುವ ಆಪ್ತ ಸಮಾಲೋಚಕಿ. ಮಕ್ಕಳ ಹೆಸರು, ಮನೆಯ ಗುರುತು ಯಾರೂ ಬರೆಯಬೇಡಿ.

ಪ್ರಶ್ನೆ (ನಿಟ್ಟುವಳ್ಳಿ ಕಡೆಯ ನಿವಾಸಿ): ಮೇಡಂ, ನಮ್ಮ ಬೀದಿಯ ಕೊನೆಯಲ್ಲಿ ಒಂದು ಖಾಲಿ ಸೈಟ್ ಇದೆ. ಸಂಜೆಯಾದರೆ ಹತ್ತು ಹನ್ನೆರಡು ಹುಡುಗರು ಅಲ್ಲಿ ಸೇರುತ್ತಾರೆ. 13ರಿಂದ 17 ವರ್ಷದವರು. ಮೊದಲು ಸಿಗರೇಟು, ಗುಟ್ಕಾ ಇತ್ತು. ಹೋದ ತಿಂಗಳು ಪಂಕ್ಚರ್ ಸಲ್ಯೂಷನ್ ಟ್ಯೂಬು, ಪ್ಲಾಸ್ಟಿಕ್ ಕವರು ಬಿದ್ದಿದ್ದವು. ಇಬ್ಬರು ಶಾಲೆ ಬಿಟ್ಟಿದ್ದಾರೆ. ಪೊಲೀಸರಿಗೆ ಹೇಳೋಣ ಎಂದು ಕೆಲವರು, ಸಿಸಿ ಕ್ಯಾಮೆರಾ ಹಾಕಿಸೋಣ ಎಂದು ಕೆಲವರು. ಎಲ್ಲರೂ ಸೇರಿ ಒಂದು ಸಮಿತಿ ಮಾಡಬೇಕು ಅಂತಿದ್ದೇವೆ. ಮೊದಲು ಏನು ಮಾಡಬೇಕು?

ಉತ್ತರ: ಮೊದಲು ಆ ಹುಡುಗರ ಹೆಸರು ತಿಳಿದುಕೊಳ್ಳಿ. ಹನ್ನೆರಡು ಹುಡುಗರಲ್ಲಿ ಎಷ್ಟು ಜನರನ್ನು ನಿಮ್ಮ ಬೀದಿಯ ದೊಡ್ಡವರು ಹೆಸರು ಹಿಡಿದು ಮಾತಾಡಿಸುತ್ತಾರೆ? ಈ ಪ್ರಶ್ನೆಯನ್ನು ನಿಮ್ಮ ಮೊದಲ ಸಭೆಯಲ್ಲೇ ಕೇಳಿ.

ಕೆಲವು ವರ್ಷಗಳ ಹಿಂದೆ ನಾವು ಇಂಥದ್ದೇ ಒಂದು ಬಡಾವಣೆಗೆ ಹೋಗಿದ್ದೆವು. ಬ್ಯಾನರ್ ಕಟ್ಟಿಸಿದೆವು, ಅತಿಥಿಗಳನ್ನು ಕರೆಸಿದೆವು, ಶಾಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಪ್ರತಿಜ್ಞೆ ಮಾಡಿಸಿದೆವು. ಯಾರಿಗಾಗಿ ಇಷ್ಟೆಲ್ಲ ಮಾಡಿದೆವೋ ಆ ಹುಡುಗರು ಒಬ್ಬರೂ ಅಲ್ಲಿರಲಿಲ್ಲ. ಅದು ನೆನಪಾದರೆ ಈಗಲೂ ಬೇಜಾರಾಗುತ್ತದೆ.

ಆಮೇಲೆ ಆ ಬಡಾವಣೆಯ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ಸಂಜೆ ಹೋಗಿ ಹುಡುಗರ ಪಕ್ಕ ಕಟ್ಟೆ ಮೇಲೆ ಕೂತರು. ನಾಲ್ಕು ದಿನ ಬುದ್ಧಿಮಾತು ಒಂದೂ ಹೇಳಲಿಲ್ಲ. ಸುಮ್ನೆ ಕ್ರಿಕೆಟ್ ಮಾತಾಡಿದರು. ಐದನೇ ದಿನ ಹುಡುಗರೇ ಬಾಯಿಬಿಟ್ಟರು. ಶಾಲೆ ಮೈದಾನದ ಗೇಟಿಗೆ ನಾಲ್ಕೂವರೆಗೆ ಬೀಗ ಬೀಳುತ್ತದೆ. ಮನೆಗೆ ಹೋದರೆ ಎಂಟು ಗಂಟೆವರೆಗೆ ಯಾರೂ ಇರುವುದಿಲ್ಲ. ಅಮ್ಮಂದಿರು ಮಂಡಕ್ಕಿ ಭಟ್ಟಿಗೆ, ಮನೆಗೆಲಸಕ್ಕೆ, ಬಟ್ಟೆ ಅಂಗಡಿಗೆ ಹೋದವರು, ಕತ್ತಲಾದ ಮೇಲೇ ಬರುವುದು.

ನಾಲ್ಕೂವರೆಯಿಂದ ಎಂಟು. ಆ ಮೂರೂವರೆ ಗಂಟೆ ಯಾರ ಕಣ್ಣಿಗೂ ಬೀಳದ ಹೊತ್ತು. ನಿಮ್ಮ ಸಮಿತಿಯ ಕೆಲಸ ಅಲ್ಲಿಂದ ಶುರುವಾಗಲಿ.

ಎರಡು ವಾರ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಹೊತ್ತಿಗೆ ಸೇರುತ್ತಾರೆ, ಯಾವ ದಿನ ಜಾಸ್ತಿ, ಎಲ್ಲಿಂದ ತರುತ್ತಾರೆ, ಯಾವ ಲೈಟು ಉರಿಯುವುದಿಲ್ಲ, ಯಾವ ಮೈದಾನಕ್ಕೆ ಬೀಗ. ಹೆಡ್ ಮೇಷ್ಟ್ರನ್ನು ಕೇಳಿ, ಆಶಾ ಕಾರ್ಯಕರ್ತೆಯನ್ನು ಕೇಳಿ, ಟೀ ಅಂಗಡಿಯವರನ್ನು, ಆಟೋ ಸ್ಟ್ಯಾಂಡಿನವರನ್ನು ಕೇಳಿ. ಹುಡುಗರನ್ನಂತೂ ಕೇಳಲೇಬೇಕು. ನೋಟ್‌ಬುಕ್‌ನಲ್ಲಿ ಒಬ್ಬ ಹುಡುಗನ ಹೆಸರೂ ಇರಬಾರದು.

ಇದು ನನ್ನ ಸ್ವಂತ ಕಲ್ಪನೆಯಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಾಕಿನ್ಸ್ ಮತ್ತು ಕ್ಯಾಟಲಾನೊ ಎಂಬ ಇಬ್ಬರು ಇದೇ ದಾರಿಯನ್ನು ಒಂದು ಪದ್ಧತಿಯಾಗಿ ಮಾಡಿದರು. ಊರಿನವರೇ ಸೇರಿ ಮೊದಲು ಮಕ್ಕಳಿಂದಲೇ ಮಾಹಿತಿ ತೆಗೆದುಕೊಳ್ಳಬೇಕು. ಯಾವುದು ಅಪಾಯ, ಯಾವುದು ಆಸರೆ ಎಂದು ನೋಡಬೇಕು. ಆಮೇಲೆ ಎರಡು ಮೂರು ವಿಷಯ ಮಾತ್ರ ಹಿಡಿಯಬೇಕು. 2003ರಿಂದ 7 ರಾಜ್ಯಗಳ 24 ಊರುಗಳಲ್ಲಿ ಇದನ್ನು ಪರೀಕ್ಷೆ ಮಾಡಿದರು. ಪದ್ಧತಿ ಅನುಸರಿಸಿದ 12 ಊರುಗಳಲ್ಲಿ ಎಂಟನೇ ತರಗತಿ ಹೊತ್ತಿಗೆ ಸಿಗರೇಟು, ಕುಡಿತ ಶುರು ಮಾಡಿದ ಮಕ್ಕಳು ಉಳಿದ ಊರುಗಳಿಗಿಂತ ಕಡಿಮೆ ಇದ್ದರು.

ಐಸ್‌ಲ್ಯಾಂಡ್ ಇನ್ನೂ ದೊಡ್ಡ ಉದಾಹರಣೆ. ಅಲ್ಲಿ 15-16 ವಯಸ್ಸಿನ ಮಕ್ಕಳಲ್ಲಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದ್ದವರು 1998ರಲ್ಲಿ ನೂರಕ್ಕೆ 42 ಇದ್ದರು. 2016ರಲ್ಲಿ ನೂರಕ್ಕೆ 5. ದಿನಾ ಸಿಗರೇಟು ಸೇದುವವರು 23ರಿಂದ 3ಕ್ಕೆ ಇಳಿದರು. ಅವರು ಭಾಷಣ ಜಾಸ್ತಿ ಮಾಡಲಿಲ್ಲ. ಆಟಕ್ಕೆ, ಸಂಗೀತಕ್ಕೆ ದುಡ್ಡು ಹಾಕಿದರು. ರಾತ್ರಿ ಇಷ್ಟು ಗಂಟೆ ಮೇಲೆ ಮಕ್ಕಳು ಹೊರಗಿರಬಾರದು ಎಂದು ಅಪ್ಪ ಅಮ್ಮಂದಿರು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡರು. ಅಲ್ಲಿನ ಚಳಿ, ಸಂಬಳ, ಸರ್ಕಾರ ನಮ್ಮದಲ್ಲ, ನಿಜ. ಆದರೆ ಬೀದಿಯ ತಂದೆ ತಾಯಿಗಳು ಒಂದು ಮಾತಿಗೆ ಬರುವುದಕ್ಕೆ ಐಸ್‌ಲ್ಯಾಂಡ್ ಆಗಬೇಕಿಲ್ಲ. ದುಗ್ಗಮ್ಮನ ಜಾತ್ರೆ ಬಂದಾಗ ನಮ್ಮ ಬೀದಿಬೀದಿಯೂ ಹೇಗೆ ಒಂದಾಗುತ್ತದೆ ಎಂದು ನಿಮಗೇ ಗೊತ್ತಲ್ವಾ? ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಈ ಕೆಲಸ ದಿನಾ ಸಂಜೆ ಇರುತ್ತದೆ.

ಕ್ಯಾಮೆರಾ ಹಾಕಿದರೆ ಹುಡುಗರು ಪಕ್ಕದ ಬೀದಿಗೆ ಹೋಗುತ್ತಾರೆ, ಅಷ್ಟೇ. ಪೊಲೀಸರು ಬೇಕು, ಆದರೆ ಮಾರುವವರ ವಿಷಯಕ್ಕೆ. ಮಾದಕ ವಸ್ತು ಮಾರಾಟದ ಮಾಹಿತಿಯನ್ನು 1933 ಸಹಾಯವಾಣಿಗೆ ಕೊಡಬಹುದು. ಪ್ರತಿ ಠಾಣೆಯಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು ಎಂದು ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಅವರ ಪರಿಚಯ ಈಗಲೇ ಮಾಡಿಕೊಳ್ಳಿ, ಗಲಾಟೆ ಆಗುವವರೆಗೆ ಕಾಯಬೇಡಿ.

ಸಲ್ಯೂಷನ್ ವಿಷಯಕ್ಕೆ ಮಾತ್ರ ಎರಡು ವಾರ ಕಾಯಬಾರದು. ಅದರ ಆವಿ ಎಳೆದಾಗ ಹೃದಯದ ಬಡಿತ ಏರುಪೇರಾಗಿ, ಮೊದಲ ಸಲ ಎಳೆದವರೂ ಸತ್ತುಹೋಗಬಹುದು. ಅದಕ್ಕೇ ಎಳೆಯುತ್ತಿರುವ ಹುಡುಗರನ್ನು ಬೆನ್ನಟ್ಟಬೇಡಿ, ಕೂಗಿ ಹೆದರಿಸಬೇಡಿ. ಗಾಬರಿ, ಓಟ ಎರಡೂ ಆ ಹೊತ್ತಿನಲ್ಲಿ ಅಪಾಯ. ಮೆಲ್ಲಗೆ ಮಾತಾಡಿಸಿ, ಗಾಳಿ ಇರುವ ಕಡೆ ಕೂರಿಸಿ. ಪ್ರಜ್ಞೆ ತಪ್ಪಿ ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಇದನ್ನು ಬೀದಿಯ ಪ್ರತಿ ಮನೆಗೂ ಹೇಳಿ.

ಪ್ರಶ್ನೆ (ಒಬ್ಬ ತಾಯಿ): ನನ್ನ ಮಗನಿಗೆ 16. ಬ್ಯಾಗಿನಲ್ಲಿ ಗಾಂಜಾ ಪೊಟ್ಟಣ ಸಿಕ್ಕಿತು. ಅವರಪ್ಪನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಹೊಡೆದು ಹಾಕುತ್ತಾರೆ. ಮೇಲೆ ಹೇಳಿದಂಥ ಸಮಿತಿ ನಮ್ಮಲ್ಲೂ ಇದೆ. ಅವರಿಗೆ ಹೇಳಲಾ? ಪೊಲೀಸ್ ಕೇಸಾಗುತ್ತದೆ ಎಂದು ಭಯ.

ಉತ್ತರ: ಅಮ್ಮ, ಸಮಿತಿಗೆ ಹೇಳಬೇಡಿ. ಇದು ನಿಮ್ಮ ಮನೆಯ ಮಾತು. ಸಮಿತಿಯವರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿ: ಯಾರ ಮಗ ಏನು ಸೇದುತ್ತಾನೆ ಎಂಬ ಪಟ್ಟಿ ನಿಮ್ಮ ಹತ್ತಿರ ಇರಕೂಡದು. ಅಂಥ ಪಟ್ಟಿ ಇದೆ ಎಂದು ಗೊತ್ತಾದ ದಿನವೇ ತಾಯಂದಿರು ಬಾಯಿ ಮುಚ್ಚಿಕೊಳ್ಳುತ್ತಾರೆ.

ಇವತ್ತು ರಾತ್ರಿ ಮಗನ ಹತ್ತಿರ ಮಾತಾಡಬೇಡಿ. ನಿಮ್ಮ ಕೈಕಾಲು ಇನ್ನೂ ನಡುಗುತ್ತಿರಬಹುದು. ನಾಳೆ ಅವನಿಗೆ ಊಟ ಬಡಿಸಿ, ಪಕ್ಕ ಕೂತು, "ಇದು ಸಿಕ್ಕಿತು, ನನಗೆ ಭಯ ಆಗಿದೆ, ನನ್ನ ಹತ್ತಿರ ಹೇಳು" ಅನ್ನಿ. ಎಷ್ಟು ದಿನದಿಂದ, ಯಾವಾಗ, ಏನಾದ ಮೇಲೆ ಎಂದು ಕೇಳಿ. ಮಕ್ಕಳು ಸೇದಲು ಶುರು ಮಾಡಿದ್ದರ ಹಿಂದೆ ಎಷ್ಟೋ ಸಲ ನಿದ್ದೆ ಬರದಿರುವುದು, ಫೇಲಾಗಿದ್ದು, ಮನೆಯ ಜಗಳ ಇರುತ್ತದೆ.

14416, ಇದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಚಟದ ವಿಷಯಕ್ಕೇ ಎಂದು 14446 ಇದೆ. ಇಲ್ಲೇ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ನೋಡಬಹುದು. ಚಿಕಿತ್ಸೆಗೆ ಹೋದರೆ ಕೇಸಾಗುತ್ತದೆ ಎಂಬ ಭಯ ಬಿಡಿ. ಚಟಕ್ಕೆ ಬಿದ್ದವರು ತಾವಾಗಿ ಚಿಕಿತ್ಸೆಗೆ ಬಂದರೆ ಸೇದಿದ್ದಕ್ಕೆ, ಸಣ್ಣ ಪ್ರಮಾಣದ ತಪ್ಪಿಗೆ ಕೇಸಿನಿಂದ ರಕ್ಷಣೆ ಕೊಡಬೇಕು ಎಂದು ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮೇ ಹೇಳುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು, ಅಷ್ಟೇ.

ಒಂದು ಎಚ್ಚರಿಕೆ. "ಮೂರು ತಿಂಗಳು ಬಿಟ್ಟು ಹೋಗಿ, ಸರಿ ಮಾಡಿ ಕೊಡ್ತೀವಿ" ಅನ್ನುವ ಜಾಗಗಳಿಗೆ ಮಗನನ್ನು ಕಳಿಸಬೇಡಿ. ಕಟ್ಟಿ ಹಾಕುವುದು, ಹೊಡೆಯುವುದು ಚಿಕಿತ್ಸೆಯಲ್ಲ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಅವರಪ್ಪನಿಗೆ ಹೇಳುವಾಗ ಒಬ್ಬರೇ ಹೇಳಬೇಡಿ. ಡಾಕ್ಟರ ಮುಂದೆ ಹೇಳಿ. ನನಗೆ ಬೇರೆಯಾಗಿ ಸಂದೇಶ ಹಾಕಿ, ನಾನೂ ಬರುತ್ತೇನೆ.

ಪ್ರಶ್ನೆ (ಶಾಲೆ ಹತ್ತಿರದ ಕಿರಾಣಿ ಅಂಗಡಿಯವರು): ಎಲ್ಲರೂ ಅಂಗಡಿಯವರನ್ನೇ ಬೈಯುತ್ತಾರೆ. ನಾನು ಕೊಡದಿದ್ದರೆ ಪಕ್ಕದವನು ಕೊಡುತ್ತಾನೆ. ನನ್ನ ವ್ಯಾಪಾರ ಮಾತ್ರ ಹೋಗುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಮಾತು ನ್ಯಾಯವಾಗಿದೆ. ಒಬ್ಬರೇ ನಿಲ್ಲಿಸಿದರೆ ನಷ್ಟ ನಿಮ್ಮದೇ. ಅದಕ್ಕೇ ಆ ಬೀದಿಯ ಎಲ್ಲ ಅಂಗಡಿಯವರೂ ಒಂದೇ ದಿನ ನಿಲ್ಲಿಸಬೇಕು. ಸಮಿತಿಯವರು ದಂಡದ ಮಾತು ಎತ್ತುವ ಮೊದಲು ನಿಮ್ಮನ್ನೆಲ್ಲ ಕೂರಿಸಿ ಟೀ ಕೊಟ್ಟು ಮಾತಾಡಬೇಕು.

ಕಾನೂನು ಗೊತ್ತಿರಲಿ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಿಂದ ನಿಷೇಧ. ಅದಕ್ಕೇ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಎಂದು ಮಾರುತ್ತಾರೆ. ತಂಬಾಕು ಕೊಳ್ಳುವ ವಯಸ್ಸನ್ನು ಕರ್ನಾಟಕ 2025ರಲ್ಲಿ 18ರಿಂದ 21ಕ್ಕೆ ಏರಿಸಿದೆ. ಶಾಲೆ ಕಾಲೇಜಿನಿಂದ 100 ಮೀಟರ್ ಒಳಗೆ ಮಾರುವಂತಿಲ್ಲ. 18ರ ಒಳಗಿನ ಮಗುವಿನ ಕೈಗೆ ತಂಬಾಕು, ಮದ್ಯ, ಮಾದಕ ವಸ್ತು ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಅಪ್ಪನಿಗೆ ತರೋಕೆ ಕಳಿಸಿದ್ದಾರೆ ಎಂದು ಹುಡುಗ ಹೇಳಿದರೂ ಕೊಡಬೇಡಿ. ಬೀದಿಯ ಅಪ್ಪಂದಿರೇ, ಮಕ್ಕಳ ಕೈಯಲ್ಲಿ ಬೀಡಿ ಸಿಗರೇಟು ತರಿಸುವುದನ್ನು ನೀವೂ ನಿಲ್ಲಿಸಬೇಕು.

ನಿಮ್ಮಿಂದ ಇನ್ನೊಂದು ಸಹಾಯ ಆಗುತ್ತದೆ. ಯಾವ ಹುಡುಗ ಇತ್ತೀಚೆಗೆ ಮಂಕಾಗಿದ್ದಾನೆ, ಯಾರು ಶಾಲೆ ಹೊತ್ತಿನಲ್ಲೂ ಅಂಗಡಿ ಮುಂದೆ ನಿಂತಿರುತ್ತಾರೆ ಎಂದು ಅಂಗಡಿಯವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. "ಏನಪ್ಪಾ, ಊಟ ಆಯ್ತಾ" ಎಂದು ಕೇಳಿ. ಎಷ್ಟೋ ಹುಡುಗರಿಗೆ ಆ ಮಾತು ಕೇಳುವವರೂ ಇರುವುದಿಲ್ಲ.

ಪ್ರಶ್ನೆ (ಜಗಳೂರು ತಾಲ್ಲೂಕಿನ ಹಳ್ಳಿಯಿಂದ): ಇದೆಲ್ಲ ಪೇಟೆ ಮಾತಾಯಿತು. ನಮ್ಮಲ್ಲಿ ಸಮಾಲೋಚಕರೂ ಇಲ್ಲ, ಮೈದಾನವೂ ಇಲ್ಲ. ಹುಡುಗಿಯರು ಎಸ್ಸೆಸ್ಸೆಲ್ಸಿ ಆದ ಮೇಲೆ ಮನೆಯಲ್ಲಿ ಕೂರುತ್ತಾರೆ, ಆಮೇಲೆ ಮದುವೆ.

ಉತ್ತರ: ಹುಡುಗಿಯರ ಮಾತು ತೆಗೆದಿದ್ದು ಒಳ್ಳೆಯದಾಯಿತು. ಯುವಕರ ಸಮಸ್ಯೆ ಎಂದಾಗ ನಾವು ಕಟ್ಟೆ ಮೇಲೆ ಕೂತವರನ್ನಷ್ಟೇ ನೋಡುತ್ತೇವೆ. ಒಳಗೆ ಕೂತವರು ಕಾಣುವುದಿಲ್ಲ.

ಹಳ್ಳಿಯಲ್ಲಿ ಇಲ್ಲ ಅನ್ನುವುದಕ್ಕಿಂತ ಇರುವುದೇ ಜಾಸ್ತಿ. ಪಂಚಾಯಿತಿಯ ಗ್ರಂಥಾಲಯ ಈಗ ಅರಿವು ಕೇಂದ್ರ. ಸಂಜೆ ಅದು ತೆರೆದಿರುತ್ತದಾ ನೋಡಿ. ವರ್ಷಕ್ಕೊಮ್ಮೆಯಾದರೂ ಮಕ್ಕಳ ಗ್ರಾಮಸಭೆ ಆಗಬೇಕು, ಅಲ್ಲಿ ಮಕ್ಕಳು ಕೇಳಿದ್ದಕ್ಕೆ ಪಂಚಾಯಿತಿ ಉತ್ತರ ಕೊಡಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಯುವ ಸ್ಪಂದನ ಎಂಬ ಯುವಜನರ ಸಮಾಲೋಚನೆ ಕಾರ್ಯಕ್ರಮ ನಡೆಸುತ್ತದೆ, ಅವರನ್ನು ಊರಿಗೇ ಕರೆಸಿ.

ಮದುವೆ ವಿಷಯದಲ್ಲಿ ನಾನು ಕಂಡದ್ದು ಹೇಳುತ್ತೇನೆ. ಒಂದು ಹಳ್ಳಿಯಲ್ಲಿ ಹುಡುಗಿಯರು ಕಾಲೇಜು ಬಿಡಲು ಕಾರಣ ಓದು ಬೇಡವೆಂದಲ್ಲ. ಕಾಲೇಜು ಬಿಟ್ಟ ಮೇಲೆ ಊರಿಗೆ ಬಸ್ ಇರಲಿಲ್ಲ. ಮೇನ್ ರೋಡಿನಲ್ಲಿ ಇಳಿದು ಕತ್ತಲಲ್ಲಿ ನಡೆದು ಬರಬೇಕಿತ್ತು. ತಾಯಂದಿರಿಗೆ ಭಯ. ಆ ಭಯಕ್ಕೆ ಮದುವೆಯೇ ಪರಿಹಾರ ಎಂದುಕೊಂಡಿದ್ದರು. ಮಹಿಳಾ ಸಂಘದವರು ಪಾಳಿ ಹಾಕಿಕೊಂಡು ದಿನಾ ಸಂಜೆ ಇಬ್ಬಿಬ್ಬರು ಮೇನ್ ರೋಡಿಗೆ ಹೋಗಿ ಕರೆದುಕೊಂಡು ಬರಲು ಶುರು ಮಾಡಿದರು. ಜೊತೆಗೆ ಡಿಪೋಗೆ ಅರ್ಜಿ ಕೊಟ್ಟರು. ಬಸ್ ಬರುವವರೆಗೂ ಆ ಪಾಳಿ ನಿಲ್ಲಲಿಲ್ಲ. 18ರ ಒಳಗಿನ ಹುಡುಗಿಯ ಮದುವೆ ಗೊತ್ತಾಗಿದೆ ಎಂದು ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ. ಆದರೆ ಅದಕ್ಕೂ ಮೊದಲೇ ಬಸ್ಸಿನ ಬಗ್ಗೆ ಯೋಚಿಸಿ.

ಪ್ರತಿಕ್ರಿಯೆ (19 ವರ್ಷದ ಯುವಕ): ಎಲ್ಲರೂ ನಮ್ಮ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮನ್ನು ಯಾರೂ ಕೇಳಿಲ್ಲ. ದೊಡ್ಡವರ ಸಮಿತಿ ಅಂದರೆ ನಾವು ಬರುವುದಿಲ್ಲ, ಕುರ್ಚಿ ಹಾಕೋಕೆ ಮಾತ್ರ ಕರೆಯುತ್ತಾರೆ.

ಉತ್ತರ: ಸರಿಯಾಗಿ ಹೇಳಿದೆಯಪ್ಪ. ಸಮಿತಿಯಲ್ಲಿ ಮೂರರಲ್ಲಿ ಒಬ್ಬರಾದರೂ ನಿನ್ನ ವಯಸ್ಸಿನವರು ಇರಬೇಕು, ಹುಡುಗಿಯರೂ ಇರಬೇಕು. ಮೈದಾನದ ಕೀಲಿ ನಿಮ್ಮ ಕೈಯಲ್ಲಿರಲಿ, ಲೆಕ್ಕದ ಪುಸ್ತಕವೂ ನಿಮ್ಮ ಕೈಯಲ್ಲಿರಲಿ. ಗಣಪತಿ ಹಬ್ಬಕ್ಕೆ ಚಂದಾ ಎತ್ತಿ, ಪೆಂಡಾಲ್ ಹಾಕಿ, ಸಾವಿರ ಜನರಿಗೆ ಊಟ ಹಾಕುವ ಹುಡುಗರನ್ನು ಬೇಜವಾಬ್ದಾರಿಗಳು ಎಂದು ನಾನು ಯಾವತ್ತೂ ಒಪ್ಪುವುದಿಲ್ಲ.

ನಿನ್ನಿಂದ ಒಂದು ಕೆಲಸ ಆಗಬೇಕು. 14 ವರ್ಷದ ಹುಡುಗ ನನ್ನ ಮಾತು ಅರ್ಧ ಕೇಳುತ್ತಾನೆ. ನಿನ್ನ ಮಾತು ಪೂರ್ತಿ ಕೇಳುತ್ತಾನೆ. ವಾರಕ್ಕೆ ಎರಡು ಸಂಜೆ ಅವರಿಗೆ ವಾಲಿಬಾಲ್ ಕಲಿಸು. ಇಲ್ಲವಾದರೆ ಗರಡಿಗೆ ಕರೆದುಕೊಂಡು ಹೋಗು. ದಾವಣಗೆರೆಯಲ್ಲಿ ಗರಡಿ ಮನೆಗಳಿಗೆ ಬರವಿಲ್ಲ.

ಪ್ರಶ್ನೆ (ವಿನೋಬನಗರ): ದುಡ್ಡು ಎಷ್ಟು ಬೇಕು? ರಾಜಕೀಯದವರು ಬಂದರೆ?

ಉತ್ತರ: ಮೊದಲ ಆರು ತಿಂಗಳು ದುಡ್ಡೇ ಬೇಡ. ಕೀಲಿ, ಬಲ್ಬು, ಸಂಜೆ ಎರಡು ಗಂಟೆ ಕೊಡುವ ನಾಲ್ಕು ಜನ, ಇಷ್ಟು ಸಾಕು. ಯಾವ ಪಕ್ಷದವರೂ ಬರಲಿ, ಯಾವ ಜಾತಿಯವರೂ ಬರಲಿ, ಅಪ್ಪನಾಗಿ ಅಮ್ಮನಾಗಿ ಬರಲಿ. ಫ್ಲೆಕ್ಸ್ ಬೇಡ. ಫ್ಲೆಕ್ಸ್ ಬಂದ ದಿನ ಇನ್ನೊಂದು ಗುಂಪಿನವರು ತಮ್ಮ ಮಕ್ಕಳನ್ನು ಕಳಿಸುವುದು ನಿಲ್ಲಿಸುತ್ತಾರೆ. ಇದನ್ನು ಎರಡು ಕಡೆ ಕಣ್ಣಾರೆ ನೋಡಿದ್ದೇನೆ.

ಮೊದಲ ಪ್ರಶ್ನೆ ಕೇಳಿದ ನಿಟ್ಟುವಳ್ಳಿಯವರು, ಹದಿನಾರು ದಿನಗಳ ನಂತರ: ಮೇಡಂ, ನಾವು ಮೂವರು ದಿನಾ ಸಂಜೆ ಹೋಗಿ ಕೂತೆವು. ಮೊದಲ ವಾರ ಹುಡುಗರು ಎದ್ದು ಹೋಗುತ್ತಿದ್ದರು. ಈಗ ಹೋಗುತ್ತಿಲ್ಲ. ಹತ್ತು ಜನರ ಹೆಸರು ಗೊತ್ತಾಗಿದೆ. ಏನು ಬೇಕು ಎಂದು ಕೇಳಿದೆವು. ಕಂಬಕ್ಕೆ ಒಂದು ಲೈಟು, ಒಂದು ವಾಲಿಬಾಲ್ ನೆಟ್ ಅಂದರು. ಶಾಲೆ ಬಿಟ್ಟ ಇಬ್ಬರಲ್ಲಿ ಒಬ್ಬ ಹೆಡ್ ಮೇಷ್ಟ್ರನ್ನು ನೋಡಲು ಒಪ್ಪಿದ್ದಾನೆ. ಇನ್ನೊಬ್ಬ ಗ್ಯಾರೇಜಿಗೆ ಹೋಗುತ್ತಿದ್ದಾನೆ, ನಮ್ಮ ಹತ್ತಿರ ಮಾತಾಡುತ್ತಿಲ್ಲ.

ಉತ್ತರ: ಓದಿ ಕಣ್ಣು ತುಂಬಿತು. ಲೈಟು ಈ ವಾರವೇ ಹಾಕಿಸಿ, ಕೇಳಿದ್ದು ಬೇಗ ಸಿಕ್ಕರೆ ಅವರಿಗೆ ನಂಬಿಕೆ ಬರುತ್ತದೆ. ನೆಟ್ ಕಟ್ಟುವ ಕೆಲಸ ಅವರಿಗೇ ಬಿಡಿ. ಶಾಲೆಗೆ ಹೋಗುವ ಹುಡುಗನ ಜೊತೆ ನಿಮ್ಮಲ್ಲೊಬ್ಬರು ಹೋಗಿ, ಅವನೊಬ್ಬನೇ ಆ ಗೇಟು ದಾಟುವುದು ಕಷ್ಟ. ಗ್ಯಾರೇಜಿನ ಹುಡುಗನಿಗೆ 14 ತುಂಬಿದೆಯಾ ನೋಡಿ. ಇಲ್ಲವಾದರೆ ಅವನು ಕೆಲಸದಲ್ಲಿರುವುದೇ ಕಾನೂನಿಗೆ ವಿರುದ್ಧ, 1098ರವರ ಸಹಾಯ ಪಡೆಯೋಣ. ತುಂಬಿದ್ದರೆ ನಿಮ್ಮ ಗಾಡಿ ಸರ್ವಿಸ್ ಅವನ ಹತ್ತಿರವೇ ಮಾಡಿಸಿ. ಮಾತು ತಾನಾಗಿ ಬರುತ್ತದೆ.

ಶನಿವಾರ ಸಂಜೆ ಆರಕ್ಕೆ ನಾನು ಬರುತ್ತೇನೆ. ಹಾರ, ಕುರ್ಚಿ ಏನೂ ಬೇಡ. ಹುಡುಗರ ಪಕ್ಕ ಕೂರಲು ಸ್ವಲ್ಪ ಜಾಗ ಇದ್ದರೆ ಸಾಕು.